ಎರಡನೆಯ ಸಲ ಕೇಳಿದ ಪ್ರಶ್ನೆ

ಅಪ್ಪಾ,

ಕಾಗದದಲ್ಲಿ ಮೊದಲು ಕ್ಷೇಮ ಬರೆಯಬೇಕು, ಆಮೇಲೆ ವಿಷಯ ಎಂದು ಮೂರನೆಯ ಇಯತ್ತೆಯಲ್ಲಿ ನೀನೇ ಕಲಿಸಿದ್ದೆ. ಅವ್ವ ಕ್ಷೇಮ. ಎಮ್ಮೆ ಈದಿದೆ, ಈ ಸಲವೂ ಕೋಣಗರುವೇ. ನಾನು ಮಾತ್ರ ಸಿಟ್ಟಿನಲ್ಲಿದ್ದೇನೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ಯಾಕೆ ಮಾಡಬಾರದು? ಬದುಕಿದ್ದಾಗ ಮಾಡಲು ನೀನು ಬಿಟ್ಟಿದ್ದರೆ ತಾನೆ! ನಾನು ಸ್ವಲ್ಪ ದನಿ ಎತ್ತಿದರೆ ಸಾಕು, ಹಿತ್ತಲಿಗೆ ಹೋಗಿ ತುಳಸಿಗೆ ನೀರು ಹಾಕುತ್ತ ನಿಂತುಬಿಡುತ್ತಿದ್ದೆ. ಈಗ ನೀನು ಎದ್ದು ಹೋಗುವಂತಿಲ್ಲ. ಇದನ್ನು ಪೂರ್ತಿ ಕೇಳಲೇಬೇಕು.

ಆ ಗ್ಲಾಸಿನ ಸಾಹೇಬ ನಮ್ಮೂರಿಗೆ ಬಂದ ದಿನ ನಿನಗೆ ನೆನಪಿದೆಯಾ? ರಾಜ್ಯಕ್ಕೆ ಹೊಸ ಹೆಸರು ಬಂದ ವರ್ಷ ಅದು. ನೀನು ಶಾಲೆಯ ನಕಾಶೆಯಲ್ಲಿದ್ದ ‘ಮೈಸೂರು’ ಎಂಬ ಅಕ್ಷರಗಳಿಗೆ ಬಿಳಿ ಕಾಗದ ಅಂಟಿಸಿ, ಅದರ ಮೇಲೆ ‘ಕರ್ನಾಟಕ’ ಎಂದು ಗುಂಡಗೆ ಬರೆಯುತ್ತ ಸ್ಟೂಲಿನ ಮೇಲೆ ನಿಂತಿದ್ದೆ. ತಿರ್ಲಾಪುರದ ಕಡೆಯಿಂದ ಬಂದ ಬಸ್ಸಿನಿಂದ ಅವರು ಇಳಿದರು. ಧಾರವಾಡದಲ್ಲಿ ಮನಶ್ಶಾಸ್ತ್ರದ ಸಂಶೋಧಕರಂತೆ. ಎರೆಮಣ್ಣು ಹತ್ತಿ ಅವರ ಬೂಟುಗಳು ಎತ್ತಿಡಲಾರದಷ್ಟು ಭಾರವಾಗಿದ್ದವು. ಕೈಯಲ್ಲಿ ಒಂದು ಪೆಟ್ಟಿಗೆ, ಅದರೊಳಗೆ ಹುಲ್ಲಿನಲ್ಲಿ ಸುತ್ತಿದ ಗಾಜಿನ ಲೋಟಗಳು. ನಿನ್ನ ಒಂದನೆಯ, ಎರಡನೆಯ ಇಯತ್ತೆಯ ಮಕ್ಕಳನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಏನೋ ಕೇಳುತ್ತಾರೆ ಅಂದಾಗ ನಿನಗೆಷ್ಟು ಹಿಗ್ಗು! ಕೊಡಪಾನ ತೊಳೆಸಿ ನೀರು ತರಿಸಿದೆ, ಮನೆಯಿಂದ ಮಜ್ಜಿಗೆ ತರಿಸಿದೆ. ಅವರು ಮಜ್ಜಿಗೆ ಕುಡಿದು, “ಮಾಸ್ತರ, ನೀವು ಒಳಗಿದ್ರ ಮಕ್ಕಳು ನಿಮ್ಮ ಮಾರಿ ನೋಡಿ ಉತ್ತರಾ ಹೇಳ್ತಾರ. ಸ್ವಲ್ಪ ಹೊರಗ ಕೂಡ್ರಿ” ಅಂದರು. ನಿನ್ನ ಶಾಲೆಯಿಂದ ನಿನ್ನನ್ನೇ ಹೊರಗೆ ಹಾಕಿದರೂ ನೀನು ನಗುನಗುತ್ತ ಹೋಗಿ ಬೇವಿನ ಗಿಡದ ಕಟ್ಟೆಯ ಮೇಲೆ ಕೂತೆ. ಅವರು ಒಳಗೆ ಏನು ಕೇಳಿದರೆಂದು ನಿನಗೆ ಗೊತ್ತಾಗಲಿಲ್ಲ, ರೊಟ್ಟಿ ಬಡಿಯುತ್ತ ಮನೆಯಲ್ಲಿದ್ದ ನನಗೂ ಗೊತ್ತಾಗಲಿಲ್ಲ. “ಕುಡೀಲಿಕ್ಕೆ ಕೊಡ್ತಾನಂದ್ರ ಬರೇ ಇದರಾಗಿಂದ ಅದರಾಗ ಸುರುವ್ತಾನ್ರೀ” ಎಂದು ಕಂಬಾರ ಈರಪ್ಪನ ಮಗ ಬಸ್ಯಾ ಸಂಜೆ ಅವ್ವನ ಮುಂದೆ ದೂರು ಹೇಳಿದ. ಗ್ಲಾಸಿನ ಸಾಹೇಬ ಅಂತ ಹೆಸರಿಟ್ಟವನೂ ಅವನೇ.

ನಿನ್ನ ಎಡಗಿವಿ ನನಗೆ ನೆನಪಾಗುತ್ತದೆ. ಚಿಕ್ಕವಳಿದ್ದಾಗ ನಾನು ಆ ಬದಿಗೆ ಮಲಗಿ ಏನಾದರೂ ಹೇಳಿದರೆ ನಿನಗೆ ಕೇಳುತ್ತಿರಲಿಲ್ಲ. ನೀನು ಮಗ್ಗಿ ತಪ್ಪಿದ್ದಕ್ಕೆ ನಿನ್ನ ಮಾಸ್ತರರು ಕೊಟ್ಟ ಏಟಿಗೆ ಆ ಕಿವಿ ಹೋಗಿತ್ತು. ಅದಕ್ಕೇ ಇರಬೇಕು, ನೀನು ಮಾಸ್ತರನಾದ ಮೇಲೆ ಮಕ್ಕಳ ಮೇಲೆ ಕೈ ಎತ್ತಲಿಲ್ಲ. ಕೈ ಹೋಗಲಿ, ‘ತಪ್ಪು’ ಎಂಬ ಮಾತನ್ನೇ ನೀನು ಶಾಲೆಯಲ್ಲಿ ಆಡುತ್ತಿರಲಿಲ್ಲ. ಮಗು ತಪ್ಪು ಉತ್ತರ ಹೇಳಿದರೆ ಕನ್ನಡಕ ತೆಗೆದು ಧೋತರದ ಸೆರಗಿನಿಂದ ಒರೆಸುತ್ತ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳುತ್ತಿದ್ದೆ. ಅದೇ ಶಬ್ದಗಳು, ಅದೇ ದನಿ. ಕನ್ನಡಕ ಒರೆಸಿ ಮುಗಿಯುವವರೆಗೆ ಮಗುವಿಗೆ ವಿಚಾರ ಮಾಡಲು ಪುರುಸೊತ್ತು. ಎಷ್ಟೋ ಸಲ ಅದರೊಳಗೆ ಸರಿ ಉತ್ತರ ಬಂದುಬಿಡುತ್ತಿತ್ತು. ಬಂತೋ, “ಶಾಬಾಸ್” ಅಂದು ಮುಂದೆ ಹೋಗುತ್ತಿದ್ದೆ. ಸರಿ ಉತ್ತರ ಹೇಳಿದವರಿಗೆ ನೀನು ಪ್ರಶ್ನೆಯನ್ನು ಎರಡನೆಯ ಸಲ ಕೇಳಿದ್ದಿಲ್ಲ. ನಾನೂ ನಿನ್ನ ಕೈಯಲ್ಲೇ ಕಲಿತವಳಲ್ಲವೇ, ನನಗೆ ಗೊತ್ತು. ಇದೊಂದು ಪದ್ಧತಿ ಎಂದು ಆಗ ನಮಗಾರಿಗೂ ಅನ್ನಿಸಿರಲಿಲ್ಲ. ಎಲ್ಲ ಊರಿನ ಎಲ್ಲ ಮಾಸ್ತರರೂ ಹೀಗೇ ಅಂದುಕೊಂಡಿದ್ದೆವು.

ಮರುವರ್ಷ ಆ ಸಾಹೇಬರ ಲೇಖನ ಅಚ್ಚಾಗಿ ಟಪಾಲಿನಲ್ಲಿ ಬಂದಾಗ ನೀನು ಕೈ ತೊಳೆದುಕೊಂಡು ಬಂದು ಲಕ್ಕೋಟೆ ಒಡೆದೆಯಂತೆ, ಅವ್ವ ಹೇಳಿದಳು. ನುಣುಪು ಕಾಗದ, ಇಂಗ್ಲಿಷು, ಮೇಲೆ ಶಾಯಿಯಲ್ಲಿ ‘ಸಹಕಾರಕ್ಕೆ ಕೃತಜ್ಞತೆಗಳೊಂದಿಗೆ’ ಎಂದು ಸಾಹೇಬರ ಸಹಿ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಷ್ಟೇ ಪಾಸಾದ ನಿನಗೆ ಆ ಇಂಗ್ಲಿಷು ದಕ್ಕಲಿಲ್ಲ. ಧಾರವಾಡದಲ್ಲಿ ಓದುತ್ತಿದ್ದ ನಾನು ಊರಿಗೆ ಬರುವವರೆಗೆ ಅದನ್ನು ಪಂಚಾಂಗದ ಜೊತೆ ಗೋಡೆಯ ಮಾಡದಲ್ಲಿ ಇಟ್ಟು ಕಾದೆ. ನಾನು ಕೈಚೀಲ ಇಳಿಸುವ ಮೊದಲೇ, “ಶಕ್ಕೂ, ನಮ್ಮ ಸಾಲೀದು ಛಾಪಿಸಿ ಬಂದೈತಿ, ಓದಿ ಹೇಳವಾ” ಅಂದೆ. ನಾನು ಓದಿದೆ. ಒಂದೊಂದೇ ವಾಕ್ಯ ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ನಾನೇ ಓದಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ನೀನು ಕೇಳಿದೆ, ನಾನು ಓದಿದೆ.

ಎರಡು ಒಂದೇ ಅಳತೆಯ ಲೋಟಗಳಲ್ಲಿ ಸಮ ನೀರು. ಎರಡರಲ್ಲೂ ಅಷ್ಟೇ ಇದೆಯೋ, ಒಂದರಲ್ಲಿ ಹೆಚ್ಚಿದೆಯೋ ಎಂದು ಮಗುವಿಗೆ ಕೇಳಬೇಕು. ಮಗು ‘ಅಷ್ಟೇ’ ಅನ್ನುತ್ತದೆ. ಆಮೇಲೆ ಅದರ ಕಣ್ಣೆದುರಿಗೇ ಒಂದು ಲೋಟದ ನೀರನ್ನು ಎತ್ತರದ ಸಪೂರ ಗ್ಲಾಸಿಗೆ ಸುರುವಬೇಕು. ‘ನೀರು ಸುರುವಿದ ಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಲಾಯಿತು.’ ಅಪ್ಪಾ, ಈ ಸಾಲನ್ನು ನಾನು ನಿನಗೆ ಓದಿ ಹೇಳಿದ್ದೆ. ನಿನ್ನ ಬಲಗಿವಿಯ ಬದಿಗೇ ಕೂತಿದ್ದೆ, ನಿನಗೆ ಕೇಳಿಸಿತ್ತು. ನಾವಿಬ್ಬರೂ ಅದನ್ನು ದಾಟಿ ಮುಂದಿನ ಸಾಲಿಗೆ ಹೋದೆವು. ಮುಂದಿನ ಸಾಲುಗಳಲ್ಲಿ ಇದ್ದದ್ದು ಇಷ್ಟು: ‘ಅ’ ಗ್ರಾಮದ ಹೆಚ್ಚಿನ ಮಕ್ಕಳು ಎರಡನೆಯ ಸಲ ‘ಎತ್ತರದ ಗ್ಲಾಸಿನಲ್ಲಿ ಹೆಚ್ಚು’ ಎಂದು ತಪ್ಪಿದರು. ಹಳ್ಳದಾಚೆಯ ‘ಬ’ ಗ್ರಾಮದ ಹೆಚ್ಚಿನ ಮಕ್ಕಳು ತಪ್ಪಲಿಲ್ಲ. ಮಕ್ಕಳ ವಯಸ್ಸು, ಹೊಲಮನೆ, ಊಟ ಉಡುಗೆ ಎರಡೂ ಊರಲ್ಲಿ ಒಂದೇ. ಹಾಗಾದರೆ ಬೇರೆಯಾದದ್ದು ಶಾಲೆ. ‘ಅ’ ಗ್ರಾಮದ ಏಕೋಪಾಧ್ಯಾಯರ ಶಿಸ್ತಿಲ್ಲದ, ತಪ್ಪನ್ನು ತಪ್ಪೆನ್ನದ ಮೆತ್ತನೆಯ ಬೋಧನೆಯಿಂದ ಮಕ್ಕಳ ವಿಚಾರಶಕ್ತಿ ಬೆಳೆಯದೆ ಉಳಿದಿದೆ.

“‘ಅ’ ಅಂದ್ರ ನಾವಲ್ಲೇನವಾ?” ಅಂದೆ ನೀನು.

ನಾನು ಹೌದು ಅಂದೆ. ನೀನು ಲೇಖನವನ್ನು ನನ್ನ ಕೈಯಿಂದ ತೆಗೆದುಕೊಂಡು, ತಿರುಗಿಸಿ, ಕೊನೆಯ ಪುಟದ ಕೆಳಗೆ ಅಚ್ಚಾದ ಸಣ್ಣ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ನೋಡಿದೆ.

ಅವ್ವ ಒಲೆಯ ಮುಂದಿನಿಂದಲೇ ಸಿಡಿದದ್ದು ನಿನಗೆ ನೆನಪಿರಲೇಬೇಕು. “ನಾಳೆ ನಾ ನಿಮ್ಮ ಹೇಣ್ತಿ ಅಲ್ಲ ಅಂತ ಯಾವನರ ಛಾಪಿಸಿ ಕಳಿಸಿದ್ರ ಅದಕ್ಕೂ ಹೌದಂತೀರೇನ್ರಿ? ಅಂವಾ ಒಂದು ದಿನಾ ಬಂದು ನೀರು ಸುರುವಿ ಹೋದಾಂವ. ನೀವು ಮೂವತ್ತು ವರ್ಷ ಆ ಹುಡುಗ್ರ ಮೂಗು ಒರಿಸೀರಿ. ಯಾರಿಗೆ ಹೆಚ್ಚು ಗೊತ್ತು?” ನಾನು ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿದೆ. ನೀನು, “ಹಂಗಲ್ಲ, ಅವ್ರು ಲೆಕ್ಕಾ ಹಾಕಿ ಬರದಾರ” ಅಂದೆ. ಅಷ್ಟೇ. ಕಳೆಯುವ ಲೆಕ್ಕ ಮಾಡಿದ ಮೇಲೆ ಕೂಡಿಸಿ ತಾಳೆ ನೋಡದಿದ್ದರೆ ನಮ್ಮ ಪಾಟಿಯನ್ನು ಮುಟ್ಟಿಯೂ ನೋಡುತ್ತಿರಲಿಲ್ಲವಲ್ಲ ನೀನು? ಬಸ್ಯಾನ ಲೆಕ್ಕಕ್ಕೆ ತಾಳೆ ಬೇಕು, ಸಾಹೇಬರ ಲೆಕ್ಕಕ್ಕೆ ಬೇಡವೇ? ನಿನ್ನ ಕಣ್ಣೆದುರಿಗೆ ಬೆಳೆದ ಮಕ್ಕಳಿದ್ದರು. ಸಂತೆಯಲ್ಲಿ ಅಪ್ಪನಿಗೆ ಮೋಸವಾಗದಂತೆ ಹತ್ತಿಯ ತೂಕ ಹೇಳುವ ಮಕ್ಕಳಿದ್ದರು. ಅವರನ್ನೆಲ್ಲ ಒಂದು ಕಡೆ ಸರಿಸಿ, ಓದಲು ಬಾರದ ಭಾಷೆಯ ಕಾಗದವನ್ನು ನಂಬಿಬಿಟ್ಟೆಯಲ್ಲ! ನನಗೆ ಸಾಹೇಬರ ಮೇಲೆ ಬಂದ ಸಿಟ್ಟಿಗಿಂತ ನಿನ್ನ ಮೇಲೆ ಬಂದ ಸಿಟ್ಟೇ ದೊಡ್ಡದು. ಇಂದಿಗೂ ಇಳಿದಿಲ್ಲ.

ಲೇಖನ ಬಂದ ವರ್ಷದ ಶ್ರಾವಣದಲ್ಲಿ ನಾನು ನಿನಗೆ ಬುತ್ತಿ ತೆಗೆದುಕೊಂಡು ಶಾಲೆಗೆ ಬಂದಿದ್ದೆ. ಬಾಗಿಲಲ್ಲೇ ನಿಂತೆ. ನಿನ್ನ ಮೇಜಿನ ಮೇಲೆ ಹೊಡೆಯಲು ಕಡಿದು ತಂದ ಹಸಿ ಹುಣಸೆಯ ಸಪೂರ ಕೋಲು, ಬರಲು, ಇತ್ತು. ಎಲೆ ಸವರಿದ ಗುರುತು ಇನ್ನೂ ಹಸಿರಾಗಿತ್ತು. ಬಸ್ಯಾ ಎದ್ದು ನಿಂತು ಲೆಕ್ಕದ ಉತ್ತರ ತಪ್ಪು ಹೇಳಿದ. ಹೇಳಿ, ಎಂದಿನಂತೆ ನೀನು ಮತ್ತೆ ಕೇಳುವುದನ್ನು ಕಾಯುತ್ತ ನಿಂತ. ನೀನು ಕನ್ನಡಕ ತೆಗೆಯಲಿಲ್ಲ. “ತಪ್ಪು” ಅಂದೆ, ಬರಲು ಎತ್ತಿ ಕಾಲಿಗೆ ಹೊಡೆದೆ. ಬಸ್ಯಾ ಅಳಲಿಲ್ಲ. ಯಾರು ಹೊಡೆದರೆಂದು ಹಿಂದೆ ತಿರುಗಿ ನೋಡಿದ. ನಿನ್ನಿಂದ ಬಂದ ಏಟು ಎಂಬುದು ಅವನಿಗೆ ಹೊಳೆಯಲೇ ಇಲ್ಲ. ನಾನು ಬುತ್ತಿಯನ್ನು ಹೊಸ್ತಿಲ ಮೇಲಿಟ್ಟು ವಾಪಸು ಬಂದೆ. ಆ ಇಡೀ ವರ್ಷ, ನಿವೃತ್ತಿಯಾಗುವ ದಿನದವರೆಗೂ, ನೀನು ಆ ಬರಲನ್ನು ಬಿಡಲಿಲ್ಲ. ಕಿವಿ ಕಳೆದುಕೊಂಡವನು ನೀನು…

ನಿವೃತ್ತಿಯಾದ ಮೇಲೆ ಒಂದು ಸಂಜೆ ಮನೆಯ ಕಟ್ಟೆಯ ಮೇಲೆ ನಾವಿಬ್ಬರೇ ಕೂತಿದ್ದೆವು. ನಿನ್ನ ಹಳೆಯ ಶಿಷ್ಯನೊಬ್ಬ ಎತ್ತಿನ ಗಾಡಿ ನಿಲ್ಲಿಸಿ, “ಆರಾಮ ಅದೀರೇನ್ರಿ ಸರ?” ಎಂದು ಕೈಮುಗಿದು ಹೋದ. ನೀನು ಅವನ ಬೆನ್ನನ್ನೇ ನೋಡುತ್ತ, “ಇವಗೂ ನಾ ಏನೂ ಕಲಿಸಲಿಲ್ಲ ಅನಸ್ತದ” ಅಂದೆ. ನನಗೆ ತಡೆಯಲಾಗಲಿಲ್ಲ. “ಅಪ್ಪಾ, ನೀ ಇಷ್ಟು ವರ್ಷ ಕಲಿಸಿದ್ದು ಖರೇನ ಸುಳ್ಳಾತೇನ?” ಎಂದು ಕೇಳಿದೆ. ಇಲ್ಲ ಅನ್ನುತ್ತೀ, ಬೈಯುತ್ತೀ, ಎದ್ದು ಹಿತ್ತಲಿಗೆ ಹೋಗುತ್ತೀ ಅಂದುಕೊಂಡಿದ್ದೆ. ನೀನು, “ಹೌದವಾ, ಸುಳ್ಳಾತು” ಅಂದೆ. ದೀಪಾವಳಿಗೆ ಮೊದಲು ನೀನು ಹೊರಟುಹೋದೆ. ಎದೆನೋವು ಅಂದರು ಡಾಕ್ಟರರು. ಅವರಿಗೇನು ಗೊತ್ತು?

ಎಂ.ಎಡ್. ತರಗತಿಯಲ್ಲಿ, ಅಚ್ಚಾದ ಒಂದು ಪ್ರಯೋಗವನ್ನು ಆರಿಸಿಕೊಂಡು ವಿಮರ್ಶೆ ಬರೆಯಿರಿ ಎಂದಾಗ ನಾನು ಯಾವುದನ್ನು ಆರಿಸಿದೆನೆಂದು ನಿನಗೆ ಹೇಳಬೇಕೇ? ಸೇಡು ತೀರಿಸಿಕೊಳ್ಳಲು ಕೂತವಳಂತೆ ಬರೆದೆ. ಹಳ್ಳಿಯ ಮಕ್ಕಳು ಗಾಜಿನ ಲೋಟ ಕಂಡವರಲ್ಲ ಎಂದೆ. ಪ್ಯಾಂಟು ಹಾಕಿದ ಅಪರಿಚಿತನ ಮುಂದೆ ಹೆದರಿದರು ಎಂದೆ. ಮಕ್ಕಳ ಸಂಖ್ಯೆ ಕಡಿಮೆ ಎಂದೆ. ನಮ್ಮ ಪ್ರಾಧ್ಯಾಪಕರು ಅದನ್ನು ಓದಿ ಕರೆದರು. “ನೋಡ್ರಿ, ಗ್ಲಾಸಿಗೆ ಹೆದರೂದಾದ್ರ ‘ಬ’ ಊರಿನವರೂ ಹೆದರಬೇಕಿತ್ತು. ಅದೇ ಗ್ಲಾಸು, ಅದೇ ಮನಷ್ಯಾ. ಎರಡೂ ಊರಿಗೆ ಸಮ ಇರೂ ಕಾರಣಾ ಹೇಳಿ ಏನ ಉಪಯೋಗ? ಒಂದೂರಾಗ ಇದ್ದು ಇನ್ನೊಂದರಾಗ ಇಲ್ಲದ್ದು ಏನು, ಅದನ್ನ ಹುಡುಕ್ರಿ. ಬರೇ ಸಿಟ್ಟು ಮಾಡಿದ್ರ ವಿಮರ್ಶಾ ಆಗೂದಿಲ್ಲ.” ಆ ಮಾತು ನನಗೆ ಬರಲಿನ ಏಟಿನಷ್ಟೇ ಚುರುಕು ಹತ್ತಿತು. ಒಂದೂರಲ್ಲಿ ಇದ್ದದ್ದು ನೀನು. ಇನ್ನೊಂದರಲ್ಲಿ ಇಲ್ಲದ್ದೂ ನೀನೇ. ಹಾಗಾದರೆ ಸಾಹೇಬರು ಹೇಳಿದ್ದೇ ಸರಿಯಾಯಿತಲ್ಲ? ನಾಲ್ಕು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ನಿನ್ನ ಹಾಗೆ ನಾನೂ ಅದನ್ನು ನಂಬಿಬಿಡುವ ಹತ್ತಿರಕ್ಕೆ ಬಂದಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಅದೇ ಲೇಖನದ ಮೇಲೆ ಪ್ರಶ್ನೆ ಕೇಳುತ್ತಿದ್ದರು. “ಎರಡೂ ಊರುಗಳಲ್ಲಿ ಮಕ್ಕಳನ್ನು ಪರೀಕ್ಷೆ ಮಾಡಿದವರು ಒಬ್ಬರೇನ್ರಿ, ಬೇರೆ ಬೇರೆಯವರೇನ್ರಿ?” ನಾನು “ಒಬ್ಬರೇ, ಸರ್” ಅಂದೆ. ಅದೇ ಹೊತ್ತಿಗೆ ಕಾಲೇಜಿನ ಗಂಟೆ ಹೊಡೆಯಿತು. ಅವರಿಗೆ ಕೇಳಿಸಲಿಲ್ಲ. ಗಂಟೆ ನಿಂತ ಮೇಲೆ ಅದೇ ಶಬ್ದಗಳಲ್ಲಿ ಮತ್ತೆ ಕೇಳಿದರು. ಅಪ್ಪಾ, ನನ್ನ ಬಾಯಿಯಿಂದ ಏನು ಬಂತು ಗೊತ್ತೇ? “ಬೇರೆ ಬೇರೆಯವರು, ಸರ್.” ಆ ಮನುಷ್ಯ ನಮ್ಮ ಮನೆಯ ಮಜ್ಜಿಗೆ ಕುಡಿದವನು. ಅವನ ಬೂಟಿನ ಮಣ್ಣು ಸಹ ನನಗೆ ನೆನಪಿದೆ. ಆದರೂ ಹಾಗೆ ಹೇಳಿದೆ. ಪರೀಕ್ಷಕರು ಲೇಖನ ತಿರುವಿ ನೋಡಿ, “ಇಲ್ಲಿ ಒಬ್ಬರದೇ ಹೆಸರಿದೆಯಲ್ಲಮ್ಮ?” ಅಂದರು. ಪಕ್ಕದಲ್ಲಿದ್ದ ನಮ್ಮ ಪ್ರಾಧ್ಯಾಪಕರು, “ಮೊದಲು ಸರಿ ಹೇಳಿದ್ರಲ್ಲ, ಯಾಕ ಬದಲಿಸಿದ್ರಿ?” ಎಂದು ಬೆರಗಾಗಿ ಕೇಳಿದರು.

“ಮತ್ತ ಕೇಳಿದ್ರಲ್ರೀ…” ಅಂದೆ. ಅಂದವಳೇ ಬಾಯಿ ಮುಚ್ಚಿಕೊಂಡೆ.

ಕಾಲೇಜಿನ ಮೆಟ್ಟಿಲ ಮೇಲೆ ಕೂತು ಅವತ್ತು ನಾನು ಅತ್ತಂತೆ ನಿನ್ನನ್ನು ಮಣ್ಣು ಮಾಡುವಾಗಲೂ ಅತ್ತಿರಲಿಲ್ಲ. ನೀನು ಕಲಿಸಿದವರಿಗೆ ಮಾತ್ರ ಗೊತ್ತಿರುವ ಸಂಗತಿ ಅದು: ಮಾಸ್ತರು ಮತ್ತೊಮ್ಮೆ ಕೇಳಿದರೆಂದರೆ ಮೊದಲಿನದು ತಪ್ಪಾಗಿದೆ, ಬೇರೆ ಹೇಳಬೇಕು. ಆ ಮಕ್ಕಳೂ ಬೇರೆ ಹೇಳಿದರು. ನೀರಿನ ಎತ್ತರ ನೋಡಿ ಅವರು ಮೋಸಹೋಗಲಿಲ್ಲ, ದೊಡ್ಡವರ ಮಾತಿನ ಅರ್ಥ ಹಿಡಿದರು. ಆ ಸಾಹೇಬರು ಅಳೆದದ್ದು ನಿನ್ನ ಮಕ್ಕಳ ದಡ್ಡತನವನ್ನಲ್ಲ. ನೀನು ಅವರನ್ನು ಎಷ್ಟು ಚೆನ್ನಾಗಿ ತಿದ್ದಿದ್ದೆ ಎಂಬುದನ್ನು ಅಳೆದು, ಅದಕ್ಕೆ ದಡ್ಡತನ ಎಂದು ಹೆಸರಿಟ್ಟು ಅಚ್ಚು ಹಾಕಿಸಿದರು.

ನನ್ನ ಗೆಳತಿ ಜುಬೇದಾಳನ್ನು ನೀನು ಒಮ್ಮೆ ನೋಡಿದ್ದೆ, ಅಣ್ಣಿಗೇರಿಯವಳು, ನನ್ನ ಜೊತೆ ಹಾಸ್ಟೆಲಿನಲ್ಲಿದ್ದವಳು. ಅವಳ ಮುಂದೆ ಎಲ್ಲವನ್ನೂ ಹೇಳಿಕೊಂಡಾಗ ಅವಳು ಎದೆಗವಚಿಕೊಳ್ಳಲಿಲ್ಲ. “ನಿಮ್ಮಪ್ಪನ ಮ್ಯಾಲಿನ ಮಾಯಾ ಮಮತಾ ಇದು. ತಾಳೆ ನೋಡಿಯೇನ?” ಅಂದಳು. ನಿನ್ನ ಮಾತು ಅವಳ ಬಾಯಲ್ಲಿ! ನಾನೇ ಕೇಳಿದರೆ ಮಕ್ಕಳು ಮಾಸ್ತರರ ಮಗಳು ಎಂದು ಮುಖ ನೋಡುತ್ತಾರೆ. ಅದಕ್ಕೆ ನಮ್ಮೂರಿಗೆ ಹೋಗಿ ಕೇಳುವವಳು ಅವಳು ಎಂದು ಮಾಡಿಕೊಂಡೆವು. ಯಾವ ಇಯತ್ತೆಯ ಮಕ್ಕಳಿಂದ ನಾನು ಏನನ್ನು ನಿರೀಕ್ಷಿಸಿದ್ದೇನೆ ಎಂಬುದನ್ನು ಅವಳಿಗೆ ಹೇಳಲಿಲ್ಲ. ನಾನು ಬೇವಿನ ಗಿಡದ ಕಟ್ಟೆಯ ಮೇಲೆ, ನೀನು ಕೂತಿದ್ದ ಜಾಗದಲ್ಲಿ ಕೂತೆ. ಒಳಗೆ ಹೊಸ ಮಾಸ್ತರರ ಮೇಜಿನ ಮೇಲೆ ಬರಲು ಇತ್ತು. ನಿನ್ನದೇ. ಚಾರ್ಜು ಕೊಡುವಾಗ ಸುಣ್ಣದ ಕಡ್ಡಿ, ಗಂಟೆಯ ಜೊತೆ ಅದನ್ನೂ ಕೊಟ್ಟಿದ್ದೆಯಂತೆ.

ಏನಾಯಿತೆಂದು ಹೇಳುತ್ತೇನೆ, ನಿಧಾನವಾಗಿ ಕೇಳು. ನಾಲ್ಕನೆಯ ಇಯತ್ತೆಯವರು ನಿನ್ನ ಹಳೆಯ ಪದ್ಧತಿಯಲ್ಲಿ ಅಕ್ಷರ ಕಲಿತವರು. ಎರಡನೆಯ ಇಯತ್ತೆಯವರು ನೀನು ಬರಲು ಹಿಡಿದ ವರ್ಷ ಶಾಲೆಗೆ ಸೇರಿದವರು. ಸಾಹೇಬರ ಹಾಗೆಯೇ ಎರಡು ಸಲ ಕೇಳಿದಾಗ ದೊಡ್ಡವರಲ್ಲಿ ಹೆಚ್ಚಿನವರು ಉತ್ತರ ಬದಲಿಸಿದರು. ಚಿಕ್ಕವರಲ್ಲಿ ಹೆಚ್ಚಿನವರು ಬದಲಿಸಲಿಲ್ಲ! ದೊಡ್ಡವರು ತಪ್ಪಿ ಚಿಕ್ಕವರು ಸರಿ ಹೇಳುವುದು ನಾವು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ಆಮೇಲೆ, ಇನ್ನೂ ಏನೂ ಕೇಳದೆ ಉಳಿಸಿಕೊಂಡಿದ್ದ ದೊಡ್ಡ ಮಕ್ಕಳಿಗೆ ಜುಬೇದಾ ಮೊದಲಿನ ಪ್ರಶ್ನೆ ಬಿಟ್ಟು, ನೀರು ಸುರುವಿದ ಮೇಲೆ ಒಂದೇ ಸಲ ಕೇಳಿದಳು. ಎಲ್ಲರೂ ‘ಅಷ್ಟ’ ಅಂದರು. ‘ಒಂದ ಗಿಂಡಿ ನೀರು ಯಾವುದರಾಗ ಹಾಕಿದ್ರೂ ಅಷ್ಟ ಅಲ್ಲೇನ್ರೀ’ ಎಂದು ಒಬ್ಬಳು ನಕ್ಕಳಂತೆ.

ಎರಡು ಸಲ ಕೇಳಿಸಿಕೊಂಡವರಲ್ಲಿ ನಿನ್ನ ಬಸ್ಯಾನೂ ಇದ್ದ. ಉತ್ತರ ಯಾಕೆ ಬದಲಿಸಿದೆ ಎಂದು ಜುಬೇದಾ ಕೇಳಿದ್ದಕ್ಕೆ, “ಮತ್ತ ಕೇಳಿದ್ರಲ್ರೀ ಅಕ್ಕಾರ, ಅಂದ್ರ ಮದಲಿಂದು ತಪ್ಪು” ಅಂದ. ಚಿಕ್ಕ ಹುಡುಗಿಯೊಬ್ಬಳನ್ನು, ನೀನು ಯಾಕೆ ಬದಲಿಸಲಿಲ್ಲ ಎಂದು ಕೇಳಿದಳು. ಆ ಹುಡುಗಿ ಮೇಜಿನ ಕಡೆ ನೋಡಿ, “ಬರಲ ತಗೊಳ್ಳಿಲ್ಲಲ್ರೀ” ಅಂದಳು. ಹೊಡೆತ ಬೀಳಲಿಲ್ಲವೆಂದರೆ ಉತ್ತರ ಸರಿ ಇದೆ ಅಂತ. ಹಳ್ಳದಾಚೆಯ ಊರಿನ ಮಕ್ಕಳೂ ಹಾಗೆಯೇ ಇದ್ದಿರಬೇಕು. ಅಲ್ಲಿನ ಮಾಸ್ತರರ ಬೆತ್ತದ ಸುದ್ದಿ ನಮ್ಮೂರಿನವರೆಗೂ ಬರುತ್ತಿತ್ತಲ್ಲ. ಇರಬೇಕು ಅನ್ನುತ್ತೇನೆ, ಇದೆ ಅನ್ನುವುದಿಲ್ಲ. ಆ ಊರಿಗೆ ನಾನು ಹೋಗಿ ನೋಡಿಲ್ಲ. ಆದರೆ ನಮ್ಮೂರಿನಲ್ಲಿ ನೋಡಿದ್ದನ್ನು ಮಾತ್ರ ಖಂಡಿತ ಹೇಳಬಲ್ಲೆ. ಸಾಹೇಬರ ಲೆಕ್ಕದ ಪ್ರಕಾರ ನೀನು ಒಂದು ವರ್ಷ ಹೊಡೆದು ಮಕ್ಕಳನ್ನು ಜಾಣರನ್ನಾಗಿ ಮಾಡಿದೆ. ಖುಷಿಯಾಯಿತೇ?

ಇಷ್ಟನ್ನೂ ಬರೆದುಕೊಂಡು ನಾನು ಸಾಹೇಬರ ಕೋಣೆಗೆ ಹೋದೆ. ಅವರು ಎದ್ದು ನಿಂತು ಕುರ್ಚಿ ಸರಿಸಿದರು, ಚಹಾ ತರಿಸಿದರು. ಕೆಟ್ಟ ಮನುಷ್ಯನಾಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು! “ನಿಮ್ಮ ತಂದಿಯವರು ಭಾಳ ಸಂಭಾವಿತರಿದ್ರು. ಅವರ ಮಜ್ಜಿ‌ಗಿ ರುಚಿ ಇನ್ನೂ ನೆನಪೈತಿ ನೋಡ್ರಿ” ಅಂದರು. ನಾನು ಬರೆದದ್ದನ್ನು ಗಮನವಿಟ್ಟು ಓದಿದರು. ಒಂದು ಕಡೆ ನಿಂತು, ಹಿಂದಿನ ಸಾಲಿಗೆ ಹೋಗಿ, ಮತ್ತೆ ಓದಿದರು. ಅವರಿಗೆ ಅರ್ಥವಾಯಿತು, ಅಪ್ಪಾ. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆಮೇಲೆ ಕಾಗದಗಳನ್ನು ಜೋಡಿಸಿ ನನ್ನ ಕಡೆ ಸರಿಸಿ, “ನಿಮ್ಮ ಅಂದಾಜು ಚಲೋ ಐತಿ. ಆದ್ರ ಮಕ್ಕಳು ಕಡಿಮಿ. ಮತ್ತ ನೀವು ಅವರ ಮಗಳು. ಇದನ್ನ ಯಾರು ಒಪ್ತಾರ?” ಅಂದರು. ಅವೆರಡೂ ಮಾತು ಸುಳ್ಳಲ್ಲ. ಅದಕ್ಕೇ ನಾನು, “ಹಂಗಾರ ನೀವ ಬರ್ರಿ ಸರ್. ಬ್ಯಾರೆ ಸಾಲಿ ಆರಿಸ್ರಿ, ನೀವ ಕೇಳ್ರಿ, ಒಂದ ಸಲ ಕೇಳ್ರಿ. ನಾ ಆ ಊರಿಗೆ ಬರೂದ ಇಲ್ಲ” ಅಂದೆ. ಅವರು ಕಿಟಕಿಯ ಹೊರಗೆ ನೋಡುತ್ತ, “ಈಗ ನನ್ನ ಕೆಲಸ ಬ್ಯಾರೆ ವಿಷಯದ ಮ್ಯಾಲ ನಡದೈತ್ರಿ” ಅಂದರು. ಚಹಾದ ಮೇಲೆ ಕೆನೆ ಕಟ್ಟಿತ್ತು, ನಾನು ಕುಡಿಯಲಿಲ್ಲ.

ಆ ಲೇಖನ ಅಚ್ಚಾದ ಪತ್ರಿಕೆಗೂ ಬರೆದೆ. ಎರಡು ಸಾಲಿನ ಉತ್ತರ ಬಂತು: ಸ್ಥಳಾಭಾವದಿಂದ ಪ್ರಕಟಿಸಲಾಗದು. ನಿನ್ನನ್ನು ಮಣ್ಣುಗೂಡಿಸಲು ಅಷ್ಟೊಂದು ಪುಟಗಳಿದ್ದವು. ನಿನ್ನನ್ನು ಎತ್ತಲು ನಾನು ಕೇಳಿದ್ದು ಒಂದೂವರೆ ಪುಟ. ನಾನು ಅವ್ವನಿಗೆ ಆ ಉತ್ತರ ಓದಿ ಹೇಳಿದಾಗ ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು, “ಬಸ್ಯಾಗ ಹೇಳಿಯೇನ?” ಎಂದು ಕೇಳಿದಳು. ನಾನು ಹೇಳಿರಲಿಲ್ಲ. ಮರುದಿನ ಈರಪ್ಪನ ಕುಲುಮೆಗೆ ಹೋಗಿ ಬಸ್ಯಾನನ್ನು ಹೊರಗೆ ಕರೆದು, ‘ನೀ ದಡ್ಡ ಅಲ್ಲಲೇ, ಮಾಸ್ತರಿಗೆ ಯಾರೋ ತಪ್ಪು ತಿಳಿಸಿದ್ರು, ಅದಕ್ಕ ಅವತ್ತು ಹೊಡದ್ರು’ ಎಂದು ಹೇಳಿದೆ. ಅವನು ಕಾಲಿನ ಬೆರಳಿನಿಂದ ನೆಲ ಕೆರೆಯುತ್ತ, “ಅವತ್ತು ಮಾಸ್ತರಿಗೆ ಆರಾಮ ಇರಲಿಲ್ರೀ ಅಕ್ಕಾರ. ಹೊಡದ ಮ್ಯಾಲೆ ಕನ್ನಡಕ ತಗದು ಭಾಳ ಹೊತ್ತು ಒರಿಸ್ಕೋತ ನಿಂತಿದ್ರು” ಅಂದ. ಬುತ್ತಿ ಇಟ್ಟು ವಾಪಸು ಬಂದುಬಿಟ್ಟ ನಾನು ಅದನ್ನು ನೋಡಿರಲಿಲ್ಲ.

ಇನ್ನು ನೀನು ಕೇಳದ ಸುದ್ದಿ. ಈ ಜೂನಿನಿಂದ ನನಗೆ ಶಿಕ್ಷಕರ ತರಬೇತಿ ಶಾಲೆಯಲ್ಲಿ ನೌಕರಿ ಸಿಕ್ಕಿದೆ. ನಾಳೆ ಮಾಸ್ತರಾಗುವ ಹುಡುಗ ಹುಡುಗಿಯರಿಗೆ ನಾನು ಮನಶ್ಶಾಸ್ತ್ರ ಕಲಿಸಬೇಕು. ಅವರಿಗೆ ಗೊತ್ತುಮಾಡಿದ ಕನ್ನಡ ಪುಸ್ತಕದಲ್ಲಿ ಅರ್ಧ ಪುಟ ‘ಅ’ ಗ್ರಾಮ, ‘ಬ’ ಗ್ರಾಮದ ಕಥೆಯಿದೆ. ‘ಮೆತ್ತನೆಯ ಬೋಧನೆಯ ದುಷ್ಪರಿಣಾಮ’ ಎಂದು ದಪ್ಪಕ್ಷರದ ತಲೆಬರಹ. ಹೋದ ವರ್ಷದವರು ಅದರ ಕೆಳಗೆ ಗೆರೆ ಎಳೆದು ಬಾಯಿಪಾಠ ಮಾಡಿ ಪಾಸಾಗಿ, ಈಗ ಯಾವ್ಯಾವ ಊರಿನಲ್ಲಿ ಬರಲು ಸವರುತ್ತಿದ್ದಾರೋ… ನಾನು ಆ ಪುಟವನ್ನು ಹರಿಯುವುದಿಲ್ಲ. ಓದಿಸುತ್ತೇನೆ. ಪ್ರತಿ ವರ್ಷ ಓದಿಸುತ್ತೇನೆ. ಓದಿಸಿದ ಮೇಲೆ ಮೇಜಿನ ಮೇಲೆ ಮೂರು ಗ್ಲಾಸು ಇಟ್ಟು, ಯಾರು ಕೇಳಿದರು, ಹೇಗೆ ಕೇಳಿದರು, ಎಷ್ಟು ಸಲ ಕೇಳಿದರು ಎಂದು ಅವರ ಕೈಯಿಂದಲೇ ಹುಡುಕಿಸುತ್ತೇನೆ. ಸಿಗುವವರೆಗೆ ಮುಂದಿನ ಪಾಠಕ್ಕೆ ಹೋಗುವುದಿಲ್ಲ. ಇದು ನಿನಗೆ ನನ್ನ ಮಾತು.

ಒಂದು ಉಳಿದಿದೆ. ಅವತ್ತು ಸಂಜೆ ಕಟ್ಟೆಯ ಮೇಲೆ ನಾನು ಒಂದು ಪ್ರಶ್ನೆ ಕೇಳಿದ್ದೆ, ನೀನು ಉತ್ತರ ಹೇಳಿದ್ದೆ. ನನಗೂ ಈಗ ಕನ್ನಡಕ ಬಂದಿದೆ, ಓದಿ ಓದಿ. ಅದನ್ನು ತೆಗೆದು ಸೆರಗಿನಿಂದ ಒರೆಸುತ್ತ ಕೂತಿದ್ದೇನೆ. ಅವಸರವಿಲ್ಲ, ವಿಚಾರ ಮಾಡಿ ಹೇಳು.

ಅಪ್ಪಾ, ನೀ ಇಷ್ಟು ವರ್ಷ ಕಲಿಸಿದ್ದು ಖರೇನ ಸುಳ್ಳಾತೇನ?

ನಿನ್ನ ಮಗಳು,
ಶಕ್ಕು